ಬಸ್ಸು ಬಂತು, ತಪಾಸಣೆಯಾಯಿತು, ಆಮೇಲೆ?

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಬಂದ ಸುದ್ದಿಗಳನ್ನು ನಾವಿನ್ನೂ ಮರೆತಿಲ್ಲ. ಸುಮಾರು ನಲವತ್ತು ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಕುಸಿದು ತೀರಿಕೊಂಡರೆಂದು ವರದಿಯಾಯಿತು. ಅವರಲ್ಲಿ ಯುವಕರೂ ಇದ್ದರು. ಟಿವಿ ವಾಹಿನಿಗಳು ದಿನವಿಡೀ ಅದನ್ನೇ ತೋರಿಸಿದವು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಗಾಬರಿಯಾಗಬೇಡಿ, ನಿಮ್ಮೂರಿನ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ವೈದ್ಯರೇ ಮನವಿ ಮಾಡಬೇಕಾಯಿತು. ಸರಕಾರ ತಜ್ಞರ ಸಮಿತಿ ನೇಮಿಸಿತು, ಜುಲೈಯಲ್ಲಿ ವರದಿಯೂ ಬಂತು. ವಾರಗಳು ಕಳೆದಂತೆ ಸಾಲು ಕರಗಿತು. ಎಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ಮರಳಿದರು.

ಭಯ ಹುಟ್ಟಿದಾಗ ಪರೀಕ್ಷೆ, ಭಯ ಇಳಿದಾಗ ಮರೆವು. ಆರೋಗ್ಯದ ವಿಷಯದಲ್ಲಿ ನಮ್ಮ ಸಮಾಜ ನಡೆದುಕೊಳ್ಳುವ ರೀತಿಯೇ ಇದು. ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುವ ಉಚಿತ ಆರೋಗ್ಯ ಶಿಬಿರಗಳೂ ಒಮ್ಮೊಮ್ಮೆ ಇದೇ ಜಾಡಿನಲ್ಲಿ ಸಾಗುತ್ತಿವೆಯೇ ಎಂಬ ಪ್ರಶ್ನೆಯನ್ನು ಓದುಗ ಬಾಂಧವರ ಮುಂದೆ ಇಡಬಯಸುತ್ತೇನೆ.

ಮನೆ ಬಾಗಿಲಿಗೆ ಬಂದ ತಪಾಸಣೆ

ಮೊದಲು ಸರಕಾರ ಏನು ಮಾಡುತ್ತಿದೆ ಎಂಬುದನ್ನು ನೋಡೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರ್ ಮುಂತಾದ ಸಾಂಕ್ರಾಮಿಕವಲ್ಲದ ರೋಗಗಳ ತಡೆಗೆ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿಯ ಕ್ಯಾನ್ಸರ್, ಮಹಿಳೆಯರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಯಬೇಕು ಎಂಬ ನಿಯಮ ನಂತರ ಬಂತು. ಬಿಪಿ, ಶುಗರ್ ವರ್ಷಕ್ಕೊಮ್ಮೆ; ಈ ಮೂರು ಕ್ಯಾನ್ಸರ್‌ಗಳಿಗೆ ಐದು ವರ್ಷಕ್ಕೊಮ್ಮೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂಬುದನ್ನು ಕೇಳಿ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ಕರೆಯಬೇಕು. ನಮ್ಮ ಮನೆಗಳಿಗೂ ಅವರು ಬಂದಿರುತ್ತಾರೆ. ನಾವೇ ಅವಸರದಲ್ಲಿ ಉತ್ತರ ಕೊಟ್ಟು ಕಳುಹಿಸಿರುತ್ತೇವೆ.

ಕರ್ನಾಟಕದಲ್ಲಿ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ 'ಗೃಹ ಆರೋಗ್ಯ' ಯೋಜನೆಯನ್ನು 2025ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಹದಿನಾಲ್ಕು ಬಗೆಯ ಸಾಂಕ್ರಾಮಿಕವಲ್ಲದ ರೋಗಗಳನ್ನು ಮನೆ ಬಾಗಿಲಲ್ಲೇ ಪತ್ತೆಹಚ್ಚುವುದು ಅದರ ಉದ್ದೇಶ. ಹೃದಯಾಘಾತವಾದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿ, ಅಲ್ಲಿನ ವೈದ್ಯರು ವಾಟ್ಸಾಪ್‌ನಲ್ಲಿ ಕಳಿಸಿದ ಇಸಿಜಿಯನ್ನು ತಜ್ಞರು ನೋಡಿ ಸಲಹೆ ಕೊಡುವ ವ್ಯವಸ್ಥೆ ಮಾಡಿರುವುದು ನಮ್ಮ ಕರಾವಳಿಯವರಿಗೆ ತಿಳಿದ ಸಂಗತಿ.

ಇಷ್ಟೆಲ್ಲ ಯಾಕೆ ಬೇಕಾಯಿತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ. 1.9 ಮಾತ್ರ. ಸ್ತನ ಮತ್ತು ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡವರು ತಲಾ ಶೇ. 0.9. ಅಂದರೆ ನೂರು ಮಹಿಳೆಯರಲ್ಲಿ ಒಬ್ಬರೂ ಇಲ್ಲ. ಆದುದರಿಂದ ವೈದ್ಯರ ಬಳಿಗೆ ಹೋಗಲಾಗದವರ ಬಳಿಗೆ ವೈದ್ಯರೇ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸಂಚಾರಿ ತಪಾಸಣಾ ಬಸ್ಸು, ಶಾಲೆಯ ಸಭಾಂಗಣದಲ್ಲಿ ಶಿಬಿರ, ಮನೆ ಮನೆ ಭೇಟಿ ಎಲ್ಲವೂ ಬೇಕು. ಆದರೆ ಅಷ್ಟು ಸಾಕೇ?

ಒಂದು ಚೀಟಿಯ ಕಥೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನು ಘಟ್ಟದ ಬುಡದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ವಿಶ್ವ ರೋಗಿಗಳ ದಿನದ ಅಂಗವಾಗಿ ಭಾನುವಾರದ ಬಲಿಪೂಜೆಯ ನಂತರ ಉಚಿತ ಆರೋಗ್ಯ ಶಿಬಿರ ಏರ್ಪಡಿಸಿದೆವು. ಪೇಟೆಯಿಂದ ಬಸ್ಸು ಬಂತು. ವೈದ್ಯರು, ದಂತವೈದ್ಯರು, ದಾದಿಯರು ಬಂದರು. ಎಲ್ಲ ಮತದವರೂ ಸೇರಿ ಇನ್ನೂರರಷ್ಟು ಜನ ಬಂದರು. ಕಥೊಲಿಕ್ ಸಭಾ ಮತ್ತು ಸ್ತ್ರೀ ಸಂಘಟನೆಯವರು ಊಟದ ವ್ಯವಸ್ಥೆ ಮಾಡಿದರು. ದೀಪ ಬೆಳಗಿಸಿದೆವು, ಶಾಲು ಹೊದಿಸಿದೆವು, ಫೋಟೋ ತೆಗೆಸಿದೆವು. 'ಯಶಸ್ವಿ ಶಿಬಿರ' ಎಂದು ವರದಿಯನ್ನೂ ನಾನೇ ಬರೆದೆ.

ಆ ದಿನ ಬಂದವರಲ್ಲಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಒಬ್ಬ ತಾಯಿ ಇದ್ದರು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಅವರಿಗಿತ್ತು. ದಂತವೈದ್ಯರು ಬಾಯಿ ನೋಡಿ ಒಂದು ಚೀಟಿ ಬರೆದುಕೊಟ್ಟರು. ಒಳಗೆನ್ನೆಯಲ್ಲಿ ಬಿಳಿ ಮಚ್ಚೆ ಇದೆ, ದೊಡ್ಡ ಆಸ್ಪತ್ರೆಗೆ ಹೋಗಿ ಪರೀಕ್ಷಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಬರೆದದ್ದು ಇಂಗ್ಲಿಷಿನಲ್ಲಿ. ಆ ತಾಯಿ ಅದನ್ನು ಜೋಪಾನವಾಗಿ ಮಡಚಿ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟರು. ಒಂದು ವರ್ಷ ಕಳೆದ ಮೇಲೆ ಬಾಯಿ ತೆರೆಯಲಾಗದೆ, ಅನ್ನ ನುಂಗಲಾಗದೆ ಆಸ್ಪತ್ರೆ ಸೇರಿದರು. ಅವರಿಗೆ ಪರಮಪ್ರಸಾದ ಕೊಡಲು ಮನೆಗೆ ಹೋದಾಗ ಮಗಳು ಆ ಚೀಟಿಯನ್ನು ನನ್ನ ಕೈಗಿಟ್ಟಳು. "ಫಾದರ್, ಅವತ್ತು ನೋಡಿದವರು ಏನೂ ಹೇಳಲಿಲ್ಲವಂತೆ. ಚೀಟಿ ಕೊಟ್ಟರು, ಆಮೇಲೆ ಊಟಕ್ಕೆ ಹೋಗಿ ಅಂದರಂತೆ" ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಆ ತಾಯಿ ಇಂದು ನಮ್ಮ ನಡುವೆ ಇಲ್ಲ.

ಬಂದ ವೈದ್ಯರ ಮೇಲೆ ಅಪವಾದ ಹೊರಿಸಲಾರೆ. ಅವರು ಮಚ್ಚೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಚೀಟಿಯ ಒಂದು ಪ್ರತಿ ನಮ್ಮ ಬಳಿ ಇರಲಿಲ್ಲ. ಯಾರಿಗೆ ಏನು ಕಂಡಿತು ಎಂಬ ಪಟ್ಟಿಯನ್ನು ನಾನು ಕೇಳಲಿಲ್ಲ. ಬಸ್ಸು ಹೋದ ಮರುದಿನ ಶಿಬಿರದ ಲೆಕ್ಕಪತ್ರ ಮುಗಿಸಿ ಮುಂದಿನ ಕಾರ್ಯಕ್ರಮಕ್ಕೆ ಹೊರಟೆ. ಎಷ್ಟು ಜನ ಊಟ ಮಾಡಿದರು ಎಂಬ ಲೆಕ್ಕ ನಮ್ಮಲ್ಲಿತ್ತು. ಎಷ್ಟು ಜನರಿಗೆ ಚಿಕಿತ್ಸೆ ಬೇಕಿತ್ತು ಎಂಬ ಲೆಕ್ಕ ಇರಲಿಲ್ಲ.

ಶಿಬಿರ ಬೇರೆ, ತಪಾಸಣೆ ಬೇರೆ

1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ತಜ್ಞರು ರೋಗ ತಪಾಸಣೆಗೆ ಹತ್ತು ಸೂತ್ರಗಳನ್ನು ಬರೆದುಕೊಟ್ಟರು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅವನ್ನು ಓದುತ್ತಾರೆ. ಅವುಗಳಲ್ಲಿ ಎರಡನ್ನು ನಾವು ಗಮನಿಸಬೇಕು. ಪತ್ತೆಯಾದ ರೋಗಕ್ಕೆ ಚಿಕಿತ್ಸೆ ಕೊಡುವ ಸೌಲಭ್ಯ ಮೊದಲೇ ಸಿದ್ಧವಿರಬೇಕು ಎಂಬುದು ಒಂದು. ರೋಗ ಹುಡುಕುವ ಕೆಲಸ ಒಂದು ದಿನದ ಕಾರ್ಯಕ್ರಮವಾಗದೆ ನಿರಂತರವಾಗಿ ನಡೆಯಬೇಕು ಎಂಬುದು ಇನ್ನೊಂದು. ಈ ಎರಡು ಸೂತ್ರಗಳ ತಕ್ಕಡಿಯಲ್ಲಿ ತೂಗಿದರೆ ನಮ್ಮ ಅನೇಕ ಶಿಬಿರಗಳು ಹಗುರವಾಗಿ ಕಾಣುತ್ತವೆ.

ಒಂದು ಸಲ ಅಳೆದ ರಕ್ತದೊತ್ತಡ ಏನನ್ನೂ ನಿರ್ಧರಿಸುವುದಿಲ್ಲ. ಗುಡ್ಡ ಹತ್ತಿ ಬಂದವರಿಗೆ, ಸಾಲಿನಲ್ಲಿ ನಿಂತು ದಣಿದವರಿಗೆ, ಬಿಳಿ ಕೋಟು ಕಂಡು ಹೆದರಿದವರಿಗೆ ಬಿಪಿ ಏರಿರುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೇರೆ ದಿನ ಮತ್ತೆ ಅಳೆಯಲೇಬೇಕು. ಊಟ ಮಾಡಿ ಬಂದವರ ಬೆರಳು ಚುಚ್ಚಿ ನೋಡಿದ ಶುಗರ್ ಬರಿಯ ಸುಳಿವು ಮಾತ್ರ. ಬರಿಹೊಟ್ಟೆಯ ಪರೀಕ್ಷೆಯಲ್ಲಿ 126 ಅಥವಾ ಹೆಚ್ಚು ಬರುತ್ತದೆಯೇ ಎಂದು ನೋಡಬೇಕು. ಬಾಯಿಯ ಮಚ್ಚೆ, ಸ್ತನದ ಗಂಟು ಎಲ್ಲವೂ ಕ್ಯಾನ್ಸರ್ ಅಲ್ಲ. ಬಯಾಪ್ಸಿ ಆದ ಮೇಲೆಯೇ ಗೊತ್ತಾಗುವುದು. ಅಂದರೆ ತಪಾಸಣೆ ಮೊದಲ ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿ ಜನರನ್ನು ನಿಲ್ಲಿಸಿ ನಾವು ಹೊರಟುಹೋದರೆ, ರೋಗವಿಲ್ಲದವರು ವೃಥಾ ಭಯದಲ್ಲಿ ನರಳುತ್ತಾರೆ, ರೋಗವಿರುವವರು 'ಅವತ್ತೇ ನೋಡಿಸಿಕೊಂಡೆನಲ್ಲ' ಎಂಬ ನೆಮ್ಮದಿಯಲ್ಲಿ ಕಾಲ ಕಳೆಯುತ್ತಾರೆ. ಎರಡೂ ಅಪಾಯ.

ಹಳ್ಳಿಗಳು ಕಲಿಸಿದ ಪಾಠ

ಸರಿಯಾಗಿ ಮಾಡಿದರೆ ಇದೇ ತಪಾಸಣೆ ಪ್ರಾಣ ಉಳಿಸುತ್ತದೆ. ಇದಕ್ಕೆ ಆಧಾರ ದೂರದ ದೇಶಗಳಿಂದ ಬರಬೇಕಾಗಿಲ್ಲ. ನಮ್ಮ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯ ಪಂಚಾಯತುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಟಾರ್ಚ್ ಬೆಳಕಿನಲ್ಲಿ ಜನರ ಬಾಯಿ ನೋಡಿದರು. ಒಂದೇ ಬಾರಿ ಅಲ್ಲ, ಮೂರು ಮೂರು ವರ್ಷಕ್ಕೊಮ್ಮೆ ಮತ್ತೆ ಹೋದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ನಮ್ಮ ಕರಾವಳಿಗೆ ಇದು ಮುಖ್ಯವಾದ ಮಾತು. ಅಡಿಕೆ ನಮ್ಮ ಅನೇಕ ಕುಟುಂಬಗಳ ಅನ್ನ. ಆದರೂ ಜಗಿಯುವ ಅಡಿಕೆ ತಂಬಾಕಿಲ್ಲದೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ಬೆಳೆಗಾರರ ಕಷ್ಟವನ್ನು ಗೌರವಿಸುತ್ತಲೇ ಬಾಯಿ ತೆರೆದು ತೋರಿಸುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

ಗರ್ಭಕೊರಳಿನ ಕ್ಯಾನ್ಸರ್ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಪಾಠವಿದೆ. ಅಡುಗೆಮನೆಯ ವಿನೆಗರ್‌ನಂಥ ದ್ರಾವಣವನ್ನು ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾದರೆ ದೋಷವಿರುವ ಭಾಗ ಬೆಳ್ಳಗೆ ಕಾಣುತ್ತದೆ. ಖರ್ಚು ಅತ್ಯಲ್ಪ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಅಂಬಿಳಿಕ್ಕೈಯ ಕ್ರೈಸ್ತ ಆರೋಗ್ಯ ಕೇಂದ್ರದ ಸಹಭಾಗಿತ್ವದಲ್ಲಿ ದಾದಿಯರು ಈ ಪರೀಕ್ಷೆ ಮಾಡಿದರು. ದೋಷ ಕಂಡವರಲ್ಲಿ ತಕ್ಕವರಿಗೆ ಆ ಭೇಟಿಯಲ್ಲೇ ಶೀತ ಚಿಕಿತ್ಸೆಯನ್ನೂ ಕೊಡುವ ವ್ಯವಸ್ಥೆಯಿತ್ತು. 2007ರ ವರದಿಯಂತೆ ಸಾವು ಶೇ. 35ರಷ್ಟು ಇಳಿಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸ್ಥಳೀಯ ಮಹಿಳೆಯರಿಗೇ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಪರೀಕ್ಷೆ ನಡೆಸಿದರು. ಅಲ್ಲಿ ಸಾವು ಶೇ. 31ರಷ್ಟು ಇಳಿಯಿತೆಂದು 2014ರಲ್ಲಿ ವರದಿಯಾಯಿತು.

ಆದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ (ಈಗಿನ ಧಾರಾಶಿವ) ಹಳ್ಳಿಗಳಲ್ಲಿ ಒಂದೇ ಸುತ್ತು ನಡೆದ ಇದೇ ವಿನೆಗರ್ ಪರೀಕ್ಷೆಯಿಂದ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅದೇ ಹಳ್ಳಿಗಳ ಅಧ್ಯಯನದಲ್ಲಿ ಎಚ್‌ಪಿವಿ ವೈರಸ್ ಪರೀಕ್ಷೆ ಮಾಡಿದ ಗುಂಪಿನಲ್ಲಿ ಮಾತ್ರ ಸಾವು ಸುಮಾರು ಅರ್ಧಕ್ಕೆ ಇಳಿಯಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 1,31,746 ಮಹಿಳೆಯರಿದ್ದರು. ವ್ಯತ್ಯಾಸಕ್ಕೆ ಒಂದೇ ಕಾರಣ ಎಂದು ಹೇಳಲಾಗದು. ಆದರೆ ವಿನೆಗರ್ ಎಲ್ಲ ಕಡೆಯೂ ಒಂದೇ. ಅದರ ಸುತ್ತ ನಡೆದ ಕೆಲಸ ಬೇರೆ ಬೇರೆ. ನೋಡುವ ಕಣ್ಣಿಗೆ ಎಷ್ಟು ತರಬೇತಿ ಇತ್ತು, ಎಷ್ಟು ಸಲ ಮರಳಿ ಹೋದರು, ದೋಷ ಕಂಡವರ ಚಿಕಿತ್ಸೆ ಮುಗಿಯುವವರೆಗೆ ಯಾರು ಜತೆಗಿದ್ದರು ಎಂಬುದೇ ಮುಖ್ಯ. ಅಗ್ಗದ ಪರೀಕ್ಷೆ ಎಂಬ ಕಾರಣಕ್ಕೆ ಅಗ್ಗದ ಏರ್ಪಾಡು ಸಾಲದು.

ಚೀಟಿ ಹಿಡಿದು ಎಲ್ಲಿಗೆ ಹೋಗಬೇಕು?

ಚೀಟಿ ಸಿಕ್ಕವರು ಯಾಕೆ ಆಸ್ಪತ್ರೆಗೆ ಹೋಗುವುದಿಲ್ಲ? 'ನಮ್ಮ ಜನರಿಗೆ ತಿಳುವಳಿಕೆ ಇಲ್ಲ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ತಿಳುವಳಿಕೆಗಿಂತ ದೊಡ್ಡ ಅಡ್ಡಿಗಳಿವೆ.

ಮೊದಲನೆಯದು ದೂರ. ಉತ್ತರ ಕನ್ನಡ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಗಂಭೀರ ರೋಗಿಗಳು ಉಡುಪಿ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಹಾದಿ ಹಿಡಿಯುವುದು ತಪ್ಪಲಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಜೋರಾಯಿತು. ಜೋಯಿಡಾದ ಕಾಡಿನಂಚಿನ ಮನೆಗಳು, ಹಳಿಯಾಳ ಮತ್ತು ಯಲ್ಲಾಪುರದ ಸಿದ್ದಿ ಜನರ ವಸತಿಗಳು, ಬೆಳ್ತಂಗಡಿಯ ಘಟ್ಟದ ಬುಡದ ಮಲೆಕುಡಿಯರ ಮನೆಗಳು, ಇಲ್ಲಿಗೆಲ್ಲ ಬಸ್ಸು ಹೋಗಿ 'ನಿಮಗೆ ಕಾಯಿಲೆ ಇದೆ' ಎಂದು ಹೇಳುವುದು ಸುಲಭ. ಆಮೇಲೆ ಅವರು ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಕಷ್ಟ.

ಎರಡನೆಯದು ಖರ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಆದರೆ ದಕ್ಷಿಣ ಕನ್ನಡ, ಉಡುಪಿಯ ಅನೇಕ ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ಪಡಿತರ ಚೀಟಿ ಇರುವ ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಮ್ಮ ಶಿಬಿರದ ಚೀಟಿಗೆ ಆ ಬೆಲೆ ಇಲ್ಲ. ಬಡವರು ಚೀಟಿ ಹಿಡಿದು ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಪತ್ರ ಇಲ್ಲವೆಂದು ಹಿಂದೆ ಬಂದರೆ ಇನ್ನೊಮ್ಮೆ ಹೋಗುವುದಿಲ್ಲ. ದಿನಗೂಲಿಯೂ ಹೋಯಿತು, ಮನಸ್ಸೂ ಮುರಿಯಿತು.

ಮೂರನೆಯದು ನಾಚಿಕೆ ಮತ್ತು ಹೆದರಿಕೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವಾಗ ತಾಯಿಗೆ ಕ್ಯಾನ್ಸರ್ ಸಂಶಯ ಎಂಬ ಮಾತು ಹೊರಬೀಳಬಾರದು ಎಂಬ ಭಯ. ಸಭಾಂಗಣದ ನಡುವೆ ಮೈಕಿನಲ್ಲಿ ಹೆಸರು ಕೂಗಿ, ನೆರೆಯವರ ಎದುರೇ ಫಲಿತಾಂಶ ಹೇಳುವ ನಮ್ಮ ಪದ್ಧತಿ ಈ ಭಯವನ್ನು ಹೆಚ್ಚಿಸುತ್ತದೆ.

ನಾಲ್ಕನೆಯದು ಸಮಯ. ಭಾನುವಾರ ಹತ್ತು ಗಂಟೆಗೆ ಶಿಬಿರ ಇಟ್ಟರೆ ಬರುವವರು ಬಹುತೇಕ ಈಗಾಗಲೇ ಬಿಪಿ ಮಾತ್ರೆ ನುಂಗುತ್ತಿರುವ ಹಿರಿಯರು. ನಲವತ್ತು ವರ್ಷದ ಟೆಂಪೋ ಚಾಲಕ, ರಾತ್ರಿಯಿಡೀ ಕಡಲಲ್ಲಿದ್ದು ಬಂದ ಮೀನುಗಾರ, ರಬ್ಬರ್ ಟ್ಯಾಪಿಂಗ್ ಮಾಡುವವ ಬರುವುದಿಲ್ಲ. ನಿಜವಾಗಿ ಬೇಕಾದದ್ದು ಅವರಿಗೆ.

ಬಸ್ಸಿನಲ್ಲಿ ಇಲ್ಲದ್ದು ಧರ್ಮಕೇಂದ್ರದಲ್ಲಿದೆ

ಕ್ರೈಸ್ತ ಸಭೆಗೆ ಆರೋಗ್ಯ ಸೇವೆ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದ ಕೆಲಸ ಇಂದು ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಆಸ್ಟ್ರೇಲಿಯಾದಲ್ಲಿ ವೈದ್ಯೆಯಾಗಿದ್ದ ಮೇರಿ ಗ್ಲೋರಿ 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾಗಿ ರೋಗಿಗಳ ಸೇವೆಗಿಳಿದರು. 1943ರಲ್ಲಿ ಅವರು ಹುಟ್ಟುಹಾಕಿದ ಸಂಘಟನೆಯೇ ಇಂದಿನ ಭಾರತದ ಕಥೊಲಿಕ್ ಆರೋಗ್ಯ ಸಂಘ. ಇವರಾರೂ ಒಂದು ದಿನ ಬಂದು ಹೋದವರಲ್ಲ. ಬಂದು ಉಳಿದವರು.

ಬಸ್ಸು ಸಂಜೆ ಐದಕ್ಕೆ ಹೊರಡುತ್ತದೆ. ಧರ್ಮಕೇಂದ್ರ ಅಲ್ಲೇ ಇರುತ್ತದೆ. ಬಸ್ಸಿನಲ್ಲಿ ಯಂತ್ರಗಳಿವೆ, ನಮ್ಮಲ್ಲಿ ವಾಳೆಗಳಿವೆ, ಪ್ರತಿ ವಾಳೆಗೂ ಗುರ್ಕಾರರಿದ್ದಾರೆ, ಕಾನ್ವೆಂಟಿನ ಧರ್ಮಭಗಿನಿಯರಿದ್ದಾರೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿದ್ದಾರೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ತಿಳಿದವರು ಇವರೇ. ವೈದ್ಯಕೀಯ ಕೆಲಸವನ್ನು ವೈದ್ಯರು ಮಾಡಲಿ. ಆಮೇಲಿನ ಬೆನ್ನುಹತ್ತುವ ಕೆಲಸ ನಮ್ಮದು. ಈ ದಿಸೆಯಲ್ಲಿ ಪಾಲನಾ ಸಮಿತಿಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದಾಗಿ, ಬಸ್ಸಿನ ದಿನಾಂಕ ಗೊತ್ತುಪಡಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಭೇಟಿಯಾಗಬೇಕು. ರೋಗದ ಸಂಶಯವಿರುವವರನ್ನು ಯಾವ ದಿನ ನೋಡುತ್ತೀರಿ, ರೆಫರಲ್ ಪತ್ರ ಯಾರು ಕೊಡುತ್ತಾರೆ, ಬಿಪಿ, ಶುಗರ್ ಮಾತ್ರೆಗಳು ಇವೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಇದಕ್ಕೆ ಉತ್ತರ ಸಿಗದಿದ್ದರೆ ಶಿಬಿರವನ್ನು ಮುಂದೂಡುವುದೇ ಲೇಸು.

ಎರಡನೆಯದಾಗಿ, ಆಶಾ ಕಾರ್ಯಕರ್ತೆಯರನ್ನು ಬದಿಗಿಡಬಾರದು. ಮನೆ ಮನೆಯ ಪಟ್ಟಿ ಅವರ ಬಳಿಯಿದೆ. 2025ರ ಜನವರಿಯಲ್ಲಿ ಅವರು ಹೆಚ್ಚಿನ ಮಾಸಿಕ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಧರಣಿ ಕುಳಿತದ್ದನ್ನು ನೆನೆಯಬೇಕು. ಯೋಜನೆಗಳೆಲ್ಲ ಕೊನೆಗೆ ಇಳಿಯುವುದು ಅವರ ಹೆಗಲ ಮೇಲೆ. ನಮ್ಮ ಶಿಬಿರ ಅವರಿಗೆ ಹೊರೆಯಾಗದೆ ನೆರವಾಗಬೇಕು. ವೇದಿಕೆಯ ಮೇಲೆ ಶಾಲು ಹೊದಿಸುವುದಾದರೆ ಮೊದಲು ಅವರಿಗೆ ಹೊದಿಸೋಣ.

ಮೂರನೆಯದಾಗಿ, ಚೀಟಿ ಕನ್ನಡದಲ್ಲಿರಲಿ. ಏನು ಕಂಡಿತು, ಎಲ್ಲಿಗೆ, ಯಾವ ದಿನ ಹೋಗಬೇಕು ಎಂಬ ಮೂರು ಮಾತು ಸಾಕು. ಪ್ರತ್ಯೇಕ ಕೋಣೆಯಲ್ಲಿ ಕುಳ್ಳಿರಿಸಿ ಬಾಯಿಮಾತಿನಲ್ಲೂ ತಿಳಿಸಬೇಕು. ಅವರ ಒಪ್ಪಿಗೆ ಪಡೆದು ಒಂದು ಪ್ರತಿಯನ್ನು ಧರ್ಮಭಗಿನಿಯೊಬ್ಬರು ಅಥವಾ ನಂಬಿಕಸ್ಥ ದಾದಿಯೊಬ್ಬರು ಬೀಗದ ಕಪಾಟಿನಲ್ಲಿ ಇಟ್ಟುಕೊಳ್ಳಲಿ. ಪಾಪನಿವೇದನೆಯ ಗುಟ್ಟನ್ನು ಕಾಯುವ ನಮಗೆ ದೇಹದ ಗುಟ್ಟನ್ನು ಕಾಯುವುದು ಹೇಗೆಂದು ಹೇಳಿಕೊಡಬೇಕಾಗಿಲ್ಲ. ಧರ್ಮಗುರುಗಳಾದ ನಾವೂ ಪೀಠದಿಂದ ಯಾರ ಹೆಸರನ್ನೂ ಎತ್ತಬಾರದು.

ನಾಲ್ಕನೆಯದಾಗಿ, ಚೀಟಿ ಸಿಕ್ಕ ಪ್ರತಿಯೊಬ್ಬರ ಮನೆಗೆ, ಅವರು ಒಪ್ಪಿದರೆ, ಹದಿನೈದು ದಿನದೊಳಗೆ ಒಬ್ಬರು ಹೋಗಿ ವಿಚಾರಿಸಬೇಕು. ಬಸ್ ಚಾರ್ಜು ಬೇಕೇ, ಜತೆಗೆ ಬರಲು ಜನ ಬೇಕೇ, ಅರ್ಜಿ ತುಂಬಿಕೊಡಬೇಕೇ? ಆಸ್ಪತ್ರೆಗೆ ಜತೆಯಾಗಿ ಹೋಗುವುದು ಐಸಿವೈಎಂ ಯುವಜನರಿಗೆ ಒಳ್ಳೆಯ ಸೇವೆ. ಶಿಬಿರದ ಊಟ, ಬ್ಯಾನರು, ಹೂಗುಚ್ಛಕ್ಕೆ ಹೋಗುವ ಹಣದಲ್ಲಿ ಅರ್ಧವನ್ನು ಈ ಪ್ರಯಾಣ ವೆಚ್ಚಕ್ಕೆ ತೆಗೆದಿಡಬಹುದು.

ಐದನೆಯದಾಗಿ, ಶಿಬಿರದ ದಿನವೇ ಮರುಭೇಟಿಯ ದಿನವನ್ನೂ ಪ್ರಕಟಿಸಬೇಕು. ಮೂರು ತಿಂಗಳ ನಂತರ ಅದೇ ತಂಡ ಮತ್ತೆ ಬರುವುದಾದರೆ ಮಾತ್ರ ಒಪ್ಪಿಕೊಳ್ಳೋಣ. ಸಂಜೆಯ ಹೊತ್ತು ಬಂದರಿನ ಬಳಿ, ರಿಕ್ಷಾ ನಿಲ್ದಾಣದ ಬಳಿ, ಬೀಡಿ ಡಿಪೋದ ಬಳಿ ನಿಂತರೆ ಭಾನುವಾರ ಬಾರದವರು ಸಿಗುತ್ತಾರೆ. ಸೇವೆ ಎಲ್ಲ ಮತದವರಿಗೂ ಒಂದೇ ರೀತಿ ಇರಲಿ, ಅದರ ಜತೆ ಬೇರೆ ಯಾವ ಉದ್ದೇಶವನ್ನೂ ಬೆರೆಸುವುದು ಬೇಡ.

ಕೊನೆಯದಾಗಿ ವರದಿಯ ಮಾತು. ಈ ಪತ್ರಿಕಾ ಕೆಲಸದಲ್ಲಿರುವ ನನಗೆ ವಾರಕ್ಕೆ ಒಂದೆರಡಾದರೂ ಶಿಬಿರಗಳ ವರದಿ ಬರುತ್ತವೆ. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಫಲಾನುಭವಿಗಳು ಎಷ್ಟು, ಧನ್ಯವಾದ ಯಾರು ಸಮರ್ಪಿಸಿದರು ಎಂಬುದೆಲ್ಲ ಇರುತ್ತದೆ. ಇನ್ನು ಮುಂದೆ ಒಂದು ವರ್ಷದ ಹಿಂದಿನ ಶಿಬಿರದ ವರದಿಯನ್ನು ಕಳಿಸಿ ಎಂದು ಬೇಡಿಕೊಳ್ಳುತ್ತೇನೆ. ಅದರಲ್ಲಿ ಮೂರೇ ಅಂಕಿಗಳಿರಲಿ: ಎಷ್ಟು ಮಂದಿಯನ್ನು ನೋಡಿದಿರಿ, ಎಷ್ಟು ಮಂದಿಯಲ್ಲಿ ದೋಷ ಕಂಡಿತು, ಅವರಲ್ಲಿ ಎಷ್ಟು ಮಂದಿ ಇಂದು ಚಿಕಿತ್ಸೆಯಲ್ಲಿದ್ದಾರೆ. ಇನ್ನೂರು ಮಂದಿಯ ಶಿಬಿರಕ್ಕಿಂತ ನಲವತ್ತೇ ಮಂದಿಯನ್ನು ನೋಡಿ, ದೋಷ ಕಂಡ ಆರು ಮಂದಿಯನ್ನೂ ಚಿಕಿತ್ಸೆಗೆ ಮುಟ್ಟಿಸಿದ ಶಿಬಿರ ದೊಡ್ಡದು. ಅಂಥ ವರದಿಯನ್ನು ಸಂತೋಷದಿಂದ ಮೊದಲು ಪ್ರಕಟಿಸುತ್ತೇವೆ.

ಇದೆಲ್ಲ ಸರಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದರೆ, ಮಾತ್ರೆಗಳು ಮುಗಿದಿದ್ದರೆ, ಪಂಚಾಯತಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದೂ ಸೇವೆಯೇ. ಚೀಟಿ ಪಡೆದ ಹತ್ತು ಮಂದಿಗೆ ಔಷಧ ಸಿಗಲಿಲ್ಲ ಎಂಬ ಲೆಕ್ಕ ನಮ್ಮ ಕೈಯಲ್ಲಿದ್ದರೆ ಆ ಪ್ರಶ್ನೆಗೆ ತೂಕ ಬರುತ್ತದೆ.

ಮರಳಿ ಬರುವ ಮಾತು

ಪ್ರತಿ ವರ್ಷ ಫೆಬ್ರವರಿ 11ರಂದು ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ದ್ವಿತೀಯ ಜಾನ್ ಪಾವ್ಲರು 1992ರಲ್ಲಿ ಇದನ್ನು ಘೋಷಿಸಿದರು. 2026ರ ಆಚರಣೆಗೆ ಜಗದ್ಗುರು ಹದಿನಾಲ್ಕನೇ ಲಿಯೊ ಅವರು ಆರಿಸಿಕೊಂಡ ವಿಷಯ ಸಮಾರಿಯದವನ ಕರುಣೆ. ಸಂತ ಲೂಕನ ಶುಭಸಂದೇಶದ ಆ ಸಾಮತಿಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು ನಮಗೆ ನೆನಪಿದೆ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದದ್ದೂ ನೆನಪಿದೆ. ಆದರೆ ಅವನು ಮರುದಿನ ಮಾಡಿದ್ದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಛತ್ರದವನ ಕೈಗೆ ಹಣ ಕೊಟ್ಟು, ಈತನನ್ನು ನೋಡಿಕೊಳ್ಳಲು ಹೇಳಿ, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವುದಾಗಿ ಮಾತು ಕೊಟ್ಟ. ಆ ಗಾಯಾಳುವನ್ನು ಉಳಿಸಿದ್ದರಲ್ಲಿ ಮೊದಲ ದಿನದ ಎಣ್ಣೆಗೆ ಎಷ್ಟು ಪಾಲಿದೆಯೋ ಮರಳಿ ಬರುವ ಆ ಮಾತಿಗೂ ಅಷ್ಟೇ ಪಾಲಿದೆ.

ನಮ್ಮ ಶಿಬಿರಗಳಲ್ಲಿ ಎಣ್ಣೆ ಇದೆ, ಬಟ್ಟೆ ಇದೆ, ವಾಹನವೂ ಇದೆ. ಮರಳಿ ಬರುವ ಮಾತು ಒಂದು ಸೇರಿದರೆ ಪ್ರಾರ್ಥನೆಯ ಪುಸ್ತಕದೊಳಗೆ ಇನ್ನೊಬ್ಬ ತಾಯಿಯ ಚೀಟಿ ಮಡಚಿ ಉಳಿಯುವುದಿಲ್ಲ. ಮುಂದಿನ ಶಿಬಿರಕ್ಕೆ ದಿನ ಗೊತ್ತುಮಾಡುವ ಮುನ್ನ, ಹಿಂದಿನ ಶಿಬಿ­ರದಲ್ಲಿ ಚೀಟಿ ಪಡೆದವರ ಮನೆಗೆ ಈ ವಾರವೇ ಒಮ್ಮೆ ಹೋಗಿ ಬರೋಣ.